ಯಮುನಾಬಾಯಿಯವರ ಹಸುರು ಹುಲ್ಲು

ಯಮುನಾಬಾಯಿಯವರು ಹಠಮಾರಿ ಎಂದು ನಮ್ಮ ಸಭೆಯಲ್ಲಿ ಹೇಳುವವರಿದ್ದಾರೆ. ಆ ಮಾತನ್ನು ಅಲ್ಲಗಳೆಯಲು ನಾನು ಇದನ್ನು ಬರೆಯುತ್ತಿಲ್ಲ. ಅವರು ಹಠಮಾರಿಯೇ ಹೌದು. ಆದರೆ ಯಾವ ದಿನ, ಯಾವ ವಿಷಯಕ್ಕಾಗಿ, ಯಾರ ಪರವಾಗಿ ಆ ಹಠವನ್ನು ಹಿಡಿದರು ಎಂಬುದನ್ನು ತಾರೀಕುಸಹಿತ ದಾಖಲಿಸದೆ ಬರಿಯ ವಿಶೇಷಣವೊಂದನ್ನು ಅಂಟಿಸಿಬಿಡುವುದು ಅನ್ಯಾಯ. ತೆಲುಗು ಆಡುವ ಮಹಾನಗರವೊಂದರ ನಾರಾಯಣಗೂಡ ಬಡಾವಣೆಯ ನಮ್ಮ ಚಿಕ್ಕ ಕನ್ನಡ ಕ್ರೈಸ್ತ ಸಭೆಯ ನಡವಳಿ ಪುಸ್ತಕವನ್ನು ನಾನು ಹದಿನೇಳು ವರ್ಷಗಳಿಂದ ಬರೆಯುತ್ತಿದ್ದೇನೆ. ಅದಕ್ಕೂ ಹಿಂದೆ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಅವರ ಕೆಲಸವನ್ನು ಪರಿಶೀಲಿಸಿದ್ದೇನೆ. ಆದುದರಿಂದ ಈ ದಾಖಲೆಯ ಹೊಣೆ ನನಗೆ ಸೇರಿದ್ದು.

ಅವರು ಹುಟ್ಟಿದ್ದು 1955ನೆಯ ಇಸವಿ ಮಾರ್ಚ್ 9, ಬುಧವಾರ, ಯಾದಗಿರಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದೆ. ಅದು ಆ ಕಾಲದ ಮಾಸ್ತರರು ಎಲ್ಲ ಮಕ್ಕಳಿಗೂ ಸಮನಾಗಿ ಹಂಚುತ್ತಿದ್ದ ತಾರೀಕು. ನಾನು ನಂಬುವುದು ದೀಕ್ಷಾಸ್ನಾನದ ಪುಸ್ತಕವನ್ನು. ಹತ್ತನೆಯ ತರಗತಿ ಮುಗಿಸಿ, ನಕ್ಷೆ ಬರೆಯುವ ಎರಡು ವರ್ಷದ ತರಬೇತಿ ಪಡೆದು, 1976ರ ಆಗಸ್ಟ್ 16, ಸೋಮವಾರ ಬೆಳಿಗ್ಗೆ ನಮ್ಮ ವಿಭಾಗಕ್ಕೆ ಟ್ರೇಸರ್ ಆಗಿ ಬಂದರು. ಟ್ರೇಸರ್ ಎಂದರೆ, ಎಂಜಿನಿಯರರು ಪೆನ್ಸಿಲಿನಲ್ಲಿ ಬರೆದ ಯಂತ್ರದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹರಡಿ, ಅದನ್ನು ಶಾಯಿಯಲ್ಲಿ ಗೆರೆಗೆರೆಯಾಗಿ ಇಳಿಸುವವರು. ಒಂದು ಗೆರೆ ಹೆಚ್ಚಾಗಬಾರದು, ಒಂದು ಗೆರೆ ಕಡಿಮೆಯಾಗಬಾರದು. ಯಮುನಾಬಾಯಿಯವರ ಹಾಳೆಯಲ್ಲಿ ನಾನು ಕೆಂಪು ಪೆನ್ಸಿಲ್ ಎತ್ತಿದ ಸಂದರ್ಭಗಳು ಇಪ್ಪತ್ತೆರಡು ವರ್ಷದಲ್ಲಿ ಒಂಬತ್ತು. ಅವುಗಳಲ್ಲಿ ಎರಡು ನನ್ನದೇ ತಪ್ಪು.

1979ರ ಮೇ 21ರಂದು ಅದೇ ಕಾರ್ಖಾನೆಯ ಫಿಟ್ಟರ್ ಸಾಬಣ್ಣನವರೊಡನೆ ಅವರ ಮದುವೆಯಾಯಿತು. ತಾರ್ನಾಕದಲ್ಲಿ ಎರಡು ಕೋಣೆಯ ಮನೆ ಹಿಡಿದರು. 1998ರ ಕೊನೆಗೆ ನಮ್ಮ ವಿಭಾಗಕ್ಕೆ ಕಂಪ್ಯೂಟರ್ ಬಂದು, ಟ್ರೇಸರುಗಳಿಗೆ ಕೆಲಸವಿಲ್ಲದಾಗಿ, ಅವರನ್ನು ಹಳೆಯ ಕಡತಗಳ ಕೋಣೆಗೆ ವರ್ಗಾಯಿಸಿದರು. 2011ರ ನವೆಂಬರ್ 3ರಂದು ಸಾಬಣ್ಣನವರು ತೀರಿಕೊಂಡರು. 2015ರ ಮೇ 31ರಂದು, ಶಾಲೆಯ ಆ ಸುಳ್ಳು ತಾರೀಕಿನ ಲೆಕ್ಕದಲ್ಲಿ, ಇವರು ನಿವೃತ್ತರಾದರು.

ಆದರೆ ಅವರ ನಿಜವಾದ ಉದ್ಯೋಗ 1994ರ ಜುಲೈ 3, ಭಾನುವಾರ ಮಧ್ಯಾಹ್ನ ಎರಡೂಕಾಲಕ್ಕೆ ಆರಂಭವಾಗಿತ್ತು.

ನಮ್ಮ ಸಭೆಗೆ ಸ್ವಂತ ಕಟ್ಟಡವಿಲ್ಲ. ಒಂದು ತೆಲುಗು ಸಭೆಯವರು ತಮ್ಮ ಆರಾಧನಾ ಮಂದಿರದ ಹಾಲನ್ನು ಭಾನುವಾರ ಮಧ್ಯಾಹ್ನ ನಮಗೆ ಬಿಟ್ಟುಕೊಡುತ್ತಾರೆ. ಮೂರು ಗಂಟೆಗೆ ಆರಾಧನೆ. ಅದಕ್ಕೆ ಮುಂಚೆ ಮುಕ್ಕಾಲು ಗಂಟೆ ಮಕ್ಕಳ ತರಗತಿ. ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಆಡುವವರು. ಕನ್ನಡ ಅಕ್ಷರ ಓದಲು ಬರುವ ಮಗು ಆಗ ಒಂದೂ ಇರಲಿಲ್ಲ, ಈಗಲೂ ಇಲ್ಲ. ಸತ್ಯವೇದವನ್ನು ಕೈಗೆ ಕೊಟ್ಟರೆ ತಲೆಕೆಳಗಾಗಿ ಹಿಡಿಯುತ್ತಿದ್ದರು. ಬಾಯಿಪಾಠದ ಮಾಸ್ತರರಿಬ್ಬರು ಸೋತು ಕೈಬಿಟ್ಟ ಮೇಲೆ ಯಮುನಾಬಾಯಿ ಎದ್ದು ನಿಂತು, “ನಾ ಮಾಡ್ತೀನ್ರಿ. ಆದ್ರ ನನ್ನ ಪದ್ಧತೀಲೆ ಮಾಡ್ತೀನಿ,” ಎಂದರು.

ಅವರ ಪದ್ಧತಿ ಹೀಗಿತ್ತು. ವಾರವಿಡೀ ಸಂಜೆ ಒಂದು ಕಥೆಯನ್ನು ಓದಿ, ಅದರ ಚಿತ್ರವನ್ನು ಬರಿಯ ಗೆರೆಗಳಲ್ಲಿ ಶಾಯಿಯಿಂದ ಬರೆಯುವುದು. ಶನಿವಾರ ನಾರಾಯಣಗೂಡದ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಮಕ್ಕಳ ಸಂಖ್ಯೆಯಷ್ಟು ಪ್ರತಿ ತೆಗೆಸುವುದು. ಭಾನುವಾರ ಬಣ್ಣದ ಕಡ್ಡಿಗಳ ಡಬ್ಬಿಯನ್ನು ನಡುವೆ ಸುರಿದು, ಮಕ್ಕಳು ಬಣ್ಣ ಹಚ್ಚುವಷ್ಟು ಹೊತ್ತೂ ತಮ್ಮ ಯಾದಗಿರಿಯ ಕನ್ನಡದಲ್ಲಿ ಆ ಕಥೆಯನ್ನು ಹೇಳುವುದು. “ಕೈ ದುಡಿಯಾಕತ್ತಿದ್ರ ಬಾಯಿ ಮುಚ್ಚಿರ್ತೈತಿ, ಕಿವಿ ತೆರೆದಿರ್ತೈತಿ,” ಎನ್ನುತ್ತಿದ್ದರು. ಮೊದಲ ದಿನ ಬಂದವರು ಆರು ಮಕ್ಕಳು. ಮೂರು ತಿಂಗಳಲ್ಲಿ ಹದಿನಾಲ್ಕಾದರು.

ಈ ಪದ್ಧತಿಗೆ ಎರಡು ಕಟ್ಟುಪಾಡುಗಳಿದ್ದವು. ವಾಕ್ಯದಲ್ಲಿ, ಎಂದರೆ ಸತ್ಯವೇದದ ಬರಹದಲ್ಲಿ, ಇರುವುದನ್ನು ಬಿಡಬಾರದು, ಇಲ್ಲದ್ದನ್ನು ಬರೆಯಬಾರದು. ಏದೆನ್ ತೋಟದ ಹಣ್ಣನ್ನು ಅವರು ಎಂದೂ ಸೇಬಿನಂತೆ ಬರೆದವರಲ್ಲ. ಯಾವ ಹಣ್ಣೆಂದು ಹೇಳಿಲ್ಲವಾದ್ದರಿಂದ ಅದನ್ನು ಎಲೆಗಳ ಹಿಂದೆ ಮರೆಮಾಡಿದರು. ಪೂರ್ವದೇಶದ ಜ್ಞಾನಿಗಳು ಮೂವರೆಂದು ಎಲ್ಲಿಯೂ ಬರೆದಿಲ್ಲ. ಆದುದರಿಂದ ಅವರ ಹಾಳೆಯಲ್ಲಿ ಜ್ಞಾನಿಗಳ ಸಾಲು ಅಂಚಿನಾಚೆಗೂ ಹೋಗುತ್ತಿತ್ತು. ಬಣ್ಣದ್ದೂ ಅದೇ ನ್ಯಾಯ. ವಾಕ್ಯ ಬಣ್ಣ ಹೇಳಿದ್ದರೆ ಅದೇ ಆಗಬೇಕು. ಹೇಳದಿದ್ದರೆ ಅದು ಮಗುವಿನ ಸ್ವಾತಂತ್ರ್ಯ. ದೊಡ್ಡವರು ಬಾಯಿ ಹಾಕಕೂಡದು.

ಒಮ್ಮೆ ಒಬ್ಬ ತಾಯಿ ಮಗನ ಹಾಳೆ ಹಿಡಿದು ಬಂದಳು. ಪ್ರವಾದಿ ಯೋನನನ್ನು ನುಂಗಿದ ಮೀನಿಗೆ ಹುಡುಗ ಹುಲಿಯ ಪಟ್ಟೆ ಹಚ್ಚಿದ್ದ.

“ಅಕ್ಕೋರೆ, ಇದೇನ್ರಿ ಇದು? ಮೀನು ಹಿಂಗ ಇರ್ತೈತೇನ್ರಿ?”

“ಹ್ಯಾಂಗ ಇತ್ತಂತ ಬರೆದಿಲ್ಲವ್ವ. ಯೋನ ಒಳಗಿದ್ದ, ಅವಗೂ ಕಂಡಿಲ್ಲ. ನಿನಗೆಲ್ಲಿ ಕಂಡ್ತು?”

ನಮ್ಮ ಭಾಗದಲ್ಲಿ ಶಾಲೆಯ ಉಪಾಧ್ಯಾಯಿನಿಯನ್ನು ‘ಅಕ್ಕೋರು’ ಎನ್ನುತ್ತಾರೆ. ಬೆಂಗಳೂರು, ಮೈಸೂರುಗಳಿಂದ ಬಂದವರ ಮಕ್ಕಳೂ ಅವರನ್ನು ಅದೇ ಹೆಸರಿನಿಂದ ಕರೆಯಲು ಕಲಿತರು.

ಹೀಗೆ ಮೂವತ್ತು ವರ್ಷ ನಡೆಯಿತು. 2024ರಲ್ಲಿ ಮಕ್ಕಳ ಸಂಖ್ಯೆ ಹತ್ತೊಂಬತ್ತು. ಆ ಜೂನ್ 2ರಂದು ನಮ್ಮ ಆಡಳಿತ ಮಂಡಳಿಯವರು ಅಮೋಲ್ ಎಂಬ ಮೂವತ್ತನಾಲ್ಕು ವರ್ಷದ ಸದಸ್ಯನನ್ನು ಮಕ್ಕಳ ವಿಭಾಗದ ಮೇಲ್ವಿಚಾರಕನನ್ನಾಗಿ ನೇಮಿಸಿದರು. ಮೂಲ ಬೀದರಿನವನು, ಬೆಳೆದದ್ದು ಇಲ್ಲಿಯೇ, ಕೆಲಸ ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಉತ್ಸಾಹಿ, ಸಜ್ಜನ, ಕನ್ನಡ ಅಕ್ಷರ ಮಾತ್ರ ಬಾರದು. ಅವನು ಪರದೆ, ಪ್ರೊಜೆಕ್ಟರ್ ತಂದ. ಜೊತೆಗೆ ಅಚ್ಚಾದ ಬಣ್ಣದ ಪುಸ್ತಕಗಳನ್ನು ತಂದ. ಅವುಗಳಲ್ಲಿ ಚಿತ್ರದ ಪ್ರತಿ ಭಾಗಕ್ಕೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ಒಂದು ನಿಗದಿತ ಬಣ್ಣ.

ಯಮುನಾಬಾಯಿ ಪುಟ ತಿರುವಿ ನೋಡಿ, “ಇದರಾಗ ಕಥಿ ಕೇಳೂದ್ಯಾವಾಗಪ್ಪ, ಲೆಕ್ಕ ಮಾಡೂದರಾಗ ಹೊತ್ತು ಹೋಗ್ತೈತಲ್ಲ?” ಎಂದು ಪುಸ್ತಕಗಳನ್ನು ಹಿಂದಿರುಗಿಸಿದರು. ಅಮೋಲ್ ಒತ್ತಾಯಿಸಲಿಲ್ಲ. ಆದರೆ ನಗರದ ಕೆಲವು ಸಭೆಗಳ ಒಕ್ಕೂಟ ಜುಲೈ 13, ಎರಡನೆಯ ಶನಿವಾರ ಏರ್ಪಡಿಸಿದ್ದ ಬಣ್ಣದ ಸ್ಪರ್ಧೆಗೆ ನಮ್ಮ ತರಗತಿಯಿಂದ ಲಹರಿ ಎಂಬ ಒಂಬತ್ತು ವರ್ಷದ ಹುಡುಗಿಯ ಹೆಸರು ಕೊಟ್ಟ. ಅವಳ ತಂದೆ ದೀಪಕನೂ ಗಚ್ಚಿಬೌಲಿಯಲ್ಲಿಯೇ ನೌಕರ, ಮೈಸೂರಿನವನು.

ಸ್ಪರ್ಧೆಯ ಹಾಳೆಯ ತಲೆಬರಹ: ಐದು ಸಾವಿರ ಜನರಿಗೆ ಊಟ. ಯೇಸು ಐದು ರೊಟ್ಟಿ, ಎರಡು ಮೀನುಗಳಿಂದ ಜನಸಮೂಹವನ್ನು ತೃಪ್ತಿಪಡಿಸಿದ ಪ್ರಸಂಗ. ಹುಲ್ಲಿನ ಮೇಲೆ ಏಳು ಎಂಬ ಸಂಖ್ಯೆ. ಏಳು ಎಂದರೆ ಹಳದಿ. ಮುಂದೆ ಮಿಕ್ಕ ತುಂಡುಗಳ ಏಳು ಪುಟ್ಟಿಗಳು, ಎಂದರೆ ಬುಟ್ಟಿಗಳು. ಲಹರಿ ಹುಲ್ಲಿಗೆ ಹಸುರು ಹಚ್ಚಿದಳು. ಆಮೇಲೆ ಚೌಕಟ್ಟಿನ ಹೊರಗೆ, ಖಾಲಿ ಅಂಚಿನಲ್ಲಿ, ತಾನೇ ಇನ್ನೂ ಐದು ಪುಟ್ಟಿಗಳನ್ನು ಬರೆದಳು.

ಫಲಿತಾಂಶದ ಹೊತ್ತಿಗೆ ಒಕ್ಕೂಟದ ಸಂಚಾಲಕರು ಆ ಹಾಳೆಯನ್ನು ವೇದಿಕೆಯಿಂದ ಎತ್ತಿ ಹಿಡಿದು, ಸೂಚನೆ ಪಾಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ, ಮರುಭೂಮಿಯಲ್ಲಿ ಹಸುರು ಹುಲ್ಲೆಲ್ಲಿಂದ ಬಂತು ಎಂದರು. ಹುಡುಗಿ ಎರಡನೆಯ ಸಾಲಿನಿಂದ ಎದ್ದು ನಿಂತು ತೆಲುಗಿನಲ್ಲಿ ಕೂಗಿದಳು: “ಪಚ್ಚಗಡ್ಡಿ ಅಂಕುಲ್! ಪಚ್ಚಗಡ್ಡೇ!” ಹಸುರು ಹುಲ್ಲೇ, ಎಂದು. ಸಭಾಂಗಣ ನಕ್ಕಿತು. ಅವಳು ಅಲ್ಲಿ ಅಳಲಿಲ್ಲ. ಮನೆಗೆ ಹೋಗುವಾಗ ಆಟೋದಲ್ಲಿ ಅತ್ತಳೆಂದು ಅವಳ ತಾಯಿ ಕಾವ್ಯಾ ಆಮೇಲೆ ಹೇಳಿದಳು.

ಜುಲೈ 22ರ ತಾರೀಕಿನ ಒಂದು ಪತ್ರ ನಮಗೆ ಬಂತು. ಹುಡುಗಿ ಹಿರಿಯರಿಗೆ ಎದುರುತ್ತರ ಕೊಟ್ಟಳು, ಕ್ಷಮಾಪಣೆ ಅಪೇಕ್ಷಿಸುತ್ತೇವೆ ಎಂದಿತ್ತು. ಆ ಸಂಚಾಲಕರು ನಮಗೆ ಹಾಲು ಬಿಟ್ಟುಕೊಟ್ಟಿರುವ ತೆಲುಗು ಸಭೆಯ ಹಿರಿಯರೂ ಆಗಿದ್ದರು. ನಮ್ಮ ಮಂಡಳಿಯ ಅಧ್ಯಕ್ಷ ರಾಮದಾಸರಿಗೆ ಆ ಹಾಲು ಕೈತಪ್ಪೀತೆಂಬ ಅಂಜಿಕೆ ಹುಟ್ಟಿತು. ಜುಲೈ 28ರಂದು ಮಂಡಳಿ ನಿರ್ಣಯಿಸಿತು: ಲಹರಿ ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಬೇಕು. ಯಮುನಾಬಾಯಿ ಅದೇ ಹಾಳೆಯಲ್ಲಿ, ಇನ್ನು ಮುಂದೆ ಅಚ್ಚಾದ ಪುಸ್ತಕಗಳನ್ನೇ ಬಳಸುವೆನೆಂದು ಸಹಿ ಹಾಕಬೇಕು. ಆಗಸ್ಟ್ 4ರೊಳಗೆ ಆಗದಿದ್ದರೆ ತರಗತಿ ಅವರ ಕೈಯಿಂದ ಹೋಗುತ್ತದೆ. ಆ ಪತ್ರದ ಕರಡನ್ನು ಬರೆದವನು ನಾನು. ನಿರ್ಣಯದ ಪರವಾಗಿ ಕೈ ಎತ್ತಿದವರಲ್ಲಿಯೂ ನಾನಿದ್ದೆ. ನಿಯಮ ಮುರಿದದ್ದು ನಿಜವಲ್ಲವೇ ಎಂಬುದು ಅಂದಿನ ನನ್ನ ತರ್ಕ.

ಜುಲೈ 30, ಮಂಗಳವಾರ ಪತ್ರವನ್ನು ತಾರ್ನಾಕಕ್ಕೆ ಒಯ್ದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ನಿರ್ಣಯ ಮಂಡಳೀದು. ಭಾಷಾ ಯಾರ್ದ್ರಿ ಸಾಹೇಬ್ರ?”

“ನನ್ನದು.”

“ಅದಕ್ಕ ಇಷ್ಟು ಚೆಂದ ಐತಿ. ಒಂದು ಕೂಸಿನ ಕುತ್ತಿಗಿ ಹಿಡಿಯಾಕ ಇಷ್ಟು ಚೆಂದ ಭಾಷಾ ಬೇಕಾಗಿತ್ತೇನ್ರಿ?”

“ಬಾಯಿಯವರೇ, ಸ್ಪರ್ಧೆ ಎಂದ ಮೇಲೆ ಸೂಚನೆ ಪಾಲಿಸಬೇಕಲ್ಲವೇ?”

“ಚಾ ಕುಡೀರಿ,” ಎಂದರು. ಪತ್ರವನ್ನು ಇರಿಸಿಕೊಂಡರು.

ಆಗಸ್ಟ್ 4, ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಮಂಡಳಿಯ ಏಳೂ ಮಂದಿ ಹಾಲಿನಲ್ಲಿ ಸೇರಿದೆವು. ದೀಪಕ, ಕಾವ್ಯಾ ಮಗಳೊಂದಿಗೆ ಬಂದಿದ್ದರು. ದೀಪಕನ ಜೇಬಿನಲ್ಲಿ ಪೆನ್ನು ಸಿದ್ಧವಾಗಿತ್ತು.

“ಅಕ್ಕೋರೇ, ಒಂದು ಸೈನ್ ತಾನೇ? ಹಾಕಿಬಿಟ್ಟರೆ ಮುಗೀತು,” ಎಂದ ಅವನು. “ಇವಳೂ ಹಾಕ್ತಾಳೆ. ಮಕ್ಕಳಿಗೆ ನಾಳೆಗೆ ಮರೆತುಹೋಗುತ್ತೆ.”

“ನನಗೆ ಮರೆತುಹೋಗಲ್ಲ,” ಎಂದಳು ಲಹರಿ.

“ನೀನು ಸುಮ್ನಿರು.”

ಯಮುನಾಬಾಯಿ ಮಡಿಸಿದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಸಹಿಯ ಜಾಗ ಎರಡೂ ಖಾಲಿ. ಆದರೆ ಎಡ ಅಂಚಿನಲ್ಲಿ ತೆಳುವಾದ ಪೆನ್ಸಿಲಿನಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆಗಳಿದ್ದವು. ಒಂದು, ‘ನಾನು ಹುಲ್ಲಿಗೆ ತಪ್ಪು ಬಣ್ಣ ಹಚ್ಚಿದ್ದೇನೆ’ ಎಂಬ ಸಾಲಿನ ಎದುರು. ಇನ್ನೊಂದು, ‘ಅನಾವಶ್ಯಕವಾಗಿ ಪುಟ್ಟಿಗಳನ್ನು ಬರೆದಿದ್ದೇನೆ’ ಎಂಬ ಸಾಲಿನ ಎದುರು.

ನಾನೊಬ್ಬನೇ ಅದರ ಅರ್ಥ ಬಲ್ಲವನು, ಉಳಿದವರಿಗೆ ವಿವರಿಸಬೇಕಾಯಿತು. ನಮ್ಮ ನಕ್ಷೆ ವಿಭಾಗದಲ್ಲಿ ಟ್ರೇಸರಿಗೆ ನಕ್ಷೆಯನ್ನು ತಿದ್ದುವ ಅಧಿಕಾರವಿರಲಿಲ್ಲ. ಅಳತೆ ತಪ್ಪೆಂದು ಕಂಡರೆ ಅಂಚಿನಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿ ಪೆನ್ನು ಕೆಳಗಿಡಬೇಕು. ನಕ್ಷೆ ಬರೆದವನು ಮೂಲವನ್ನು ನೋಡಿ ಉತ್ತರ ಕೊಡುವ ತನಕ ಶಾಯಿ ಮುಟ್ಟುವಂತಿಲ್ಲ. ಯಾವ ದೊಡ್ಡ ಅಧಿಕಾರಿಯೂ ಮುಟ್ಟು ಎಂದು ಆಜ್ಞಾಪಿಸುವಂತಿಲ್ಲ.

“ಇದು ಕಾರ್ಖಾನೆ ಅಲ್ಲವ್ವ,” ಎಂದರು ರಾಮದಾಸರು. “ಇಲ್ಲಿ ವಿಧೇಯತೆ ಮುಖ್ಯ ಐತಿ.”

“ಯಾರಿಗೆ ವಿಧೇಯತೆ, ರಾಮದಾಸಣ್ಣಾರ? ವಾಕ್ಯಕ್ಕೋ, ಏಳನೇ ನಂಬರಿಗೋ?”

“ಹಾಲು ಹೋದ್ರ ಎಲ್ಲಿ ಕೂಡೂದು? ನಿನ್ನ ಮನ್ಯಾಗ?”

“ಕೂಡ್ರಿ. ಚಾಪಿ ಅದಾವ.” ಅವರ ಧ್ವನಿ ಏರಲಿಲ್ಲ. “ಕ್ಲಾಸು ಬೇಕಂದ್ರ ತಗೋರಿ. ಡಬ್ಬಿ ತಗೋರಿ, ಮೂವತ್ತು ವರ್ಷದ ಹಾಳಿ ಕಪಾಟಿನ್ಯಾಗ ಅದಾವ, ಅವನ್ನೂ ತಗೋರಿ. ನಾ ಒಂದು ಮಾತೂ ಆಡೂದಿಲ್ಲ. ಆದ್ರ ಈ ಹುಡುಗಿ ಕಡಿಂದ ‘ನಾ ತಪ್ಪು ಮಾಡೀನಿ’ ಅಂತ ಬರೆಸಬ್ಯಾಡ್ರಿ. ಆಕಿ ತಪ್ಪು ಮಾಡಿಲ್ಲ. ತಪ್ಪಲ್ಲದ್ದಕ್ಕ ತಪ್ಪು ಅಂತ ಸಹಿ ಹಾಕೂದು ನಮ್ಮ ಹಾಲಿನ್ಯಾಗ ಕಲಿತ್ರ, ಆಕಿ ಮುಂದ ಎಲ್ಲಾ ಕಡೆ ಹಾಕ್ತಾಳ.”

ಕಾವ್ಯಾ ಗಂಡನ ಜೇಬಿನಿಂದ ಪೆನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

ಆಗ ಅಮೋಲ್ ಫೋನು ತೆಗೆದ. “ಪ್ರಶ್ನೆ ಇದೆ ಅಂದ್ರೆ ಉತ್ತರ ನೋಡಬೇಕಲ್ಲಾ. ಎಲ್ಲಿ ನೋಡಲಿ ಅಕ್ಕೋರೇ?”

“ನನ್ನ ಕೇಳಬ್ಯಾಡ. ಆಕೀನ ಕೇಳು.”

“ಮಾರ್ಕ, ಆರನೇ ಅಧ್ಯಾಯ,” ಎಂದಳು ಲಹರಿ. ವಚನದ ಸಂಖ್ಯೆ ಅವಳಿಗೆ ಗೊತ್ತಿರಲಿಲ್ಲ. ಅದನ್ನು ನಾನು ಹೇಳಿದೆ: ಮೂವತ್ತೊಂಬತ್ತು. ಅಮೋಲ್ ಇಂಗ್ಲಿಷಿನಲ್ಲಿ ಓದಿಕೊಂಡ. ಜನರನ್ನು ಹಸುರು ಹುಲ್ಲಿನ ಮೇಲೆ ಕೂರಿಸಿದರೆಂದು ಅಲ್ಲಿ ಸ್ಪಷ್ಟವಾಗಿದೆ. ಅವನು ನಾಲ್ಕು ವಚನ ಕೆಳಗಿಳಿದ. ಮಿಕ್ಕ ತುಂಡುಗಳಿಂದ ತುಂಬಿದ್ದು ಹನ್ನೆರಡು ಪುಟ್ಟಿ.

“ಮತ್ತೆ ಅವರು ಏಳು ಯಾಕೆ ಹಾಕಿದ್ದಾರೆ?”

“ಅದು ಬ್ಯಾರೆ ಊಟ ಅಂಕಲ್,” ಎಂದಳು ಹುಡುಗಿ, ಇಷ್ಟೂ ತಿಳಿಯದೇ ಎಂಬ ಧಾಟಿಯಲ್ಲಿ, ಅಕ್ಕೋರ ಉಚ್ಚಾರಣೆಯಲ್ಲಿಯೇ. “ಅದು ನಾಲ್ಕು ಸಾವಿರ ಮಂದಿದು. ಅವರು ಎರಡೂ ಕಲಸಿಬಿಟ್ಟಾರ.”

ಎಂಟನೆಯ ಅಧ್ಯಾಯದಲ್ಲಿ ನಾಲ್ಕು ಸಾವಿರ ಜನರ ಊಟವೂ ಏಳು ಪುಟ್ಟಿಗಳೂ ಬರುತ್ತವೆ. ನಾನು ಅದನ್ನು ಅರವತ್ತು ವರ್ಷಗಳಿಂದ ಓದುತ್ತಿದ್ದೇನೆ, ಸ್ಪರ್ಧೆಯ ಹಾಳೆಯನ್ನು ಮೂರು ಸಲ ಕೈಯಲ್ಲಿ ಹಿಡಿದಿದ್ದೆ, ಎಣಿಸಿ ನೋಡಿರಲಿಲ್ಲ. ಇಪ್ಪತ್ತೆರಡು ವರ್ಷ ಪರಿಶೀಲಕನಾಗಿ ದುಡಿದವನು ಇದನ್ನು ಬರಹದಲ್ಲಿ ಒಪ್ಪಿಕೊಳ್ಳದೆ ಇರಲಾಗದು.

ಅಮೋಲ್ ಫೋನನ್ನು ಮೇಜಿನ ಮೇಲಿಟ್ಟ. “ನಮ್ಮ ಆಫೀಸಿನಲ್ಲಿ ಯಾರಾದ್ರೂ ಬಗ್ ಹಿಡಿದು ತೋರಿಸಿದ್ರೆ ಅವರಿಂದ ಸಾರಿ ಲೆಟರ್ ಬರೆಸಲ್ಲ. ಬಗ್ ಸರಿ ಮಾಡ್ತೀವಿ. ಈ ಪತ್ರ ವಾಪಸ್ ತಗೊಳ್ಳೋಣ. ಈ ಎರಡು ಪ್ರಶ್ನೆಗಳನ್ನೇ ಒಕ್ಕೂಟಕ್ಕೆ ಕಳಿಸೋಣ.”

“ಅವರು ಸಿಟ್ಟಾಗ್ತಾರ,” ಎಂದರು ರಾಮದಾಸರು.

“ಆಗಲಿ ಬಿಡ್ರಿ,” ಎಂದರು ಯಮುನಾಬಾಯಿ. “ಸಿಟ್ಟಿನ ಬಣ್ಣಾ ಏನಂತ ಎಲ್ಲೂ ಬರೆದಿಲ್ಲ.”

ಮತಕ್ಕೆ ಹಾಕಿದೆವು. ಪತ್ರವನ್ನು ಹಿಂತೆಗೆದುಕೊಳ್ಳುವುದರ ಪರ ನಾಲ್ಕು, ವಿರುದ್ಧ ಮೂರು. ನಾಲ್ಕರಲ್ಲಿ ಒಂದು ನನ್ನದು. ಹಿಂದಿನ ವಾರದ ನನ್ನ ಮತಕ್ಕೆ ಇದು ವಿರುದ್ಧವಾಗಿದೆ ಎಂಬುದನ್ನೂ ಅದೇ ಪುಟದಲ್ಲಿ ದಾಖಲಿಸಿದ್ದೇನೆ. ಅಷ್ಟರಲ್ಲಿ ಎರಡೂಕಾಲಾಗಿ, ಮಕ್ಕಳು ಒಳನುಗ್ಗಿ, ಯಮುನಾಬಾಯಿಯವರು ನಾವು ಕುಳಿತಿದ್ದ ಮೇಜಿನ ಮೇಲೆಯೇ ಬಣ್ಣದ ಡಬ್ಬಿ ಸುರಿದರು. ಮಂಡಳಿಯವರು ಕುರ್ಚಿಗಳನ್ನು ಎತ್ತಿಕೊಂಡು ವರಾಂಡಕ್ಕೆ ಹೋಗಬೇಕಾಯಿತು.

ಒಕ್ಕೂಟಕ್ಕೆ ಆಗಸ್ಟ್ 6ರಂದು ಬರೆದೆ. ಉತ್ತರ ಬರಲಿಲ್ಲ. ಹಾಲನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಆದರೆ ಪಂಖಗಳ ಗುಂಡಿ ಇರುವ ಪೆಟ್ಟಿಗೆಗೆ ಬೀಗ ಬಿತ್ತು. ಮುಂದಿನ ಬೇಸಿಗೆಯಿಡೀ ನಮ್ಮ ಆರಾಧನೆ ಬೆವರಿನಲ್ಲಿ ನಡೆಯಿತು. ರಾಮದಾಸರು ಪ್ರತಿ ಭಾನುವಾರವೂ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಯಮುನಾಬಾಯಿಯವರನ್ನು ನೋಡುತ್ತಿದ್ದರು. ಅವರು ನೋಡದವರಂತೆ ಕೀರ್ತನೆ ಹಾಡುತ್ತಿದ್ದರು.

2025ರ ಸ್ಪರ್ಧೆಯ ಸೂಚನಾಪತ್ರ ಜೂನ್ 20ರಂದು ಬಂತು. ಹೊಸದೊಂದು ನಿಯಮ ಸೇರಿತ್ತು: ಸಂಖ್ಯೆಗೆ ನಿಗದಿಯಾದ ಬಣ್ಣವನ್ನು ಮೀರಿದವರು ಯಾವುದೇ ವಿಚಾರಣೆಯಿಲ್ಲದೆ ಅನರ್ಹರು. ಈ ವರ್ಷ ಯಾರನ್ನೂ ಕಳುಹಿಸುವುದು ಬೇಡವೆಂದು ನಾವೆಲ್ಲ ಭಾವಿಸಿದ್ದೆವು. ಯಮುನಾಬಾಯಿ ನನ್ನಿಂದ ಅರ್ಜಿಗಳನ್ನು ಕೇಳಿದರು.

“ಎಷ್ಟು ಬೇಕು?”

“ಎಷ್ಟು ಮಂದಿ ಅದಾರೋ ಅಷ್ಟೂ. ಇಪ್ಪತ್ತೊಂದು.”

“ಎಲ್ಲರೂ ಅನರ್ಹರಾದರೆ?”

“ಒಬ್ಬಾಕಿ ಎದ್ದು ನಿಂತ್ರ ನಗ್ತಾರ್ರಿ. ಇಪ್ಪತ್ತೊಂದು ಮಂದಿ ನಿಂತ್ರ ಯಾರು ನಗ್ತಾರ ನೋಡೂಣು.”

ಜುಲೈ 12, ಎರಡನೆಯ ಶನಿವಾರ. ಅಮೋಲ್ ಎರಡು ವ್ಯಾನುಗಳನ್ನು ಗೊತ್ತುಮಾಡಿದ್ದ. ಇಬ್ಬರಿಗೆ ಜ್ವರವಿದ್ದುದರಿಂದ ಹೋದವರು ಹತ್ತೊಂಬತ್ತು. ಹಾಳೆಯಲ್ಲಿ ಏನಿರುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಆ ವರ್ಷ ಕೊಟ್ಟದ್ದು ಯೆರಿಕೋ ಪಟ್ಟಣದ ರಹಾಬಳ ಚಿತ್ರ. ಗೂಢಚಾರರನ್ನು ಬಚ್ಚಿಟ್ಟು ಕಾಪಾಡಿದ ಆಕೆ ತನ್ನ ಮನೆಯ ಗುರುತಿಗಾಗಿ ಕಿಟಕಿಗೆ ಹಗ್ಗ ಕಟ್ಟುತ್ತಿರುವಳು. ಹಗ್ಗದ ಮೇಲೆ ಸಂಖ್ಯೆ ಮೂರು. ಮೂರು ಎಂದರೆ ನೀಲಿ.

ಯೆಹೋಶುವನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಆ ಹಗ್ಗ ಕೆಂಪು. ಹತ್ತೊಂಬತ್ತು ಮಕ್ಕಳು ಬೇರೆ ಬೇರೆ ಸಾಲುಗಳಲ್ಲಿ, ಬೇರೆ ಬೇರೆ ಮೇಜುಗಳಲ್ಲಿ ಕುಳಿತಿದ್ದರು. ಉಳಿದುದಕ್ಕೆಲ್ಲ ಸಂಖ್ಯೆಯಂತೆಯೇ ಅಚ್ಚುಕಟ್ಟಾಗಿ ಬಣ್ಣ ತುಂಬಿದರು. ಹತ್ತೊಂಬತ್ತು ಕಿಟಕಿಗಳಿಂದಲೂ ಕೆಂಪು ಹಗ್ಗವೇ ಇಳಿಯಿತು. ಅನರ್ಹರೆಂದು ಹೆಸರು ಓದುತ್ತ ಹೋದಂತೆ ಒಬ್ಬೊಬ್ಬರಾಗಿ ಎದ್ದು ನಿಂತರು, ಲಹರಿ ಮೊದಲು. ಹನ್ನೊಂದನೆಯ ಹೆಸರಿಗೆ ಸಂಚಾಲಕರ ಧ್ವನಿ ತಗ್ಗಿತು. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಬೇರೊಂದು ಸಭೆಯ ಮುದುಕಿಯೊಬ್ಬಳು ತನ್ನ ತೆಲುಗು ಸತ್ಯವೇದವನ್ನು ತೆರೆದು ಪುಟ ಹುಡುಕತೊಡಗಿದಳು.

ಅಂದು ಸಂಜೆ ಸಂಚಾಲಕರು ನನಗೆ ಫೋನು ಮಾಡಿ, ನಿಮ್ಮ ಮಕ್ಕಳಿಗೆ ಸಂಖ್ಯೆ ಓದಲು ಕಲಿಸಿಲ್ಲವೇ ಎಂದು ಕೇಳಿದರು. ಆ ಸಂಭಾಷಣೆಯನ್ನು ಒಂದು ಪದವೂ ಬಿಡದೆ ಬರೆದುಕೊಂಡು, ಮರುದಿನ ಯಮುನಾಬಾಯಿಯವರಿಗೆ ಓದಿ ಹೇಳಿದೆ. ಅವರು ಮುಂದಿನ ವಾರದ ಹಾಳೆಗೆ ಗೆರೆ ಎಳೆಯುತ್ತಿದ್ದರು, ತಲೆ ಎತ್ತಲಿಲ್ಲ.

“ಅದಿರ್ಲಿ. ಬರೂ ವರ್ಷದ್ದು ಯಾವಾಗ ಅಂತ ಕೇಳಿದ್ರೇನ್ರಿ ಸಾಹೇಬ್ರ?”

ಕೇಳಿದ್ದೆ. 2026ರ ಜುಲೈ 11, ಎರಡನೆಯ ಶನಿವಾರ.